ಪುಂಡಿ: ಸೊಪ್ಪಿಗೊಂದು ಸಾಲು, ನಾರಿಗೊಂದು ಸಾಲು

ಸೇಡಂ, ಚಿತ್ತಾಪುರ, ಚಿಂಚೋಳಿ ಭಾಗದಲ್ಲಿ ತೊಗರಿ, ಜೋಳದ ಹೊಲದ ಅಂಚಿಗೆ ಪುಂಡಿ ಹಾಕುವುದು ಹಿಂದಿನಿಂದ ಬಂದ ರೂಢಿ. ರೊಟ್ಟಿಯೊಡನೆ ಪುಂಡಿಪಲ್ಯ ಇಲ್ಲಿ ಯಾರಿಗೂ ಹೊಸದಲ್ಲ. ನಡುವೆ ಕಡುಗೆಂಪು ಬೊಟ್ಟಿರುವ ಇದರ ತಿಳಿಹಳದಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುತ್ತದೆ. ಇದೇ ಗಿಡದ ಕಾಂಡದಿಂದ ಹಗ್ಗಕ್ಕೆ ಒಳ್ಳೆಯ ನಾರು ದೊರೆಯುತ್ತದೆ.

ಪುಂಡಿಯ ನಾರು ಗಿಡ್ಡ, ಒರಟು ಎಂದು ಅದನ್ನು ಬಿಟ್ಟು ನೈಲಾನ್ ಹಗ್ಗ ಕೊಳ್ಳುವವರುಂಟು. ದೋಷ ಗಿಡದ್ದಲ್ಲ. ಒಂದೇ ಗಿಡದಿಂದ ಸೊಪ್ಪು, ನಾರು, ಬೀಜ ಮೂರನ್ನೂ ಬಯಸಿದರೆ ಹೀಗಾಗುತ್ತದೆ. ಕುಡಿ ಚಿವುಟಿದ ಗಿಡ ಕವಲೊಡೆಯುತ್ತದೆ. ನಾರು ಉದ್ದ ಬರುವುದಿಲ್ಲ. ಬೀಜ ಬಲಿಯುವವರೆಗೆ ಬಿಟ್ಟರೆ ನಾರು ಬಿರುಸಾಗುತ್ತದೆ. ಆದುದರಿಂದ ಸಾಲುಗಳನ್ನೇ ಬೇರೆ ಮಾಡಬೇಕು.

ಬಿತ್ತನೆ: ಮುಂಗಾರು ಹದವಾದ ಕೂಡಲೇ ಬಿತ್ತಬೇಕು. ನಾರಿನ ಸಾಲುಗಳ ನಡುವೆ 30 ಸೆಂ.ಮೀ., ಗಿಡಗಳ ನಡುವೆ 10 ಸೆಂ.ಮೀ. ಅಂತರ ಸಾಕು. ದಟ್ಟವಾಗಿದ್ದರೆ ಗಿಡ ಕವಲೊಡೆಯದೆ ನೇರವಾಗಿ ಏರುತ್ತದೆ. ಈ ಸಾಲಿನ ಕುಡಿಯನ್ನು ಚಿವುಟಬಾರದು.

ಕೊಯ್ಲು: ಸುಮಾರು ಅರ್ಧದಷ್ಟು ಗಿಡಗಳು ಹೂ ಬಿಟ್ಟಾಗ ಬುಡಕ್ಕೆ ಕೊಯ್ಯಬೇಕು. ಬೀಜಕ್ಕೆಂದು ಕೆಲವು ಗಿಡಗಳನ್ನು ಉಳಿಸಿಕೊಳ್ಳಬೇಕು. ಕೊಯ್ದ ಗಿಡಗಳನ್ನು ಎರಡು ಮೂರು ದಿನ ಹೊಲದಲ್ಲೇ ಬಿಟ್ಟು, ಎಲೆ ಉದುರಿದ ಮೇಲೆ ಸಣ್ಣ ಕಟ್ಟುಗಳನ್ನಾಗಿ ಕಟ್ಟಬೇಕು.

ನೆನೆಹಾಕುವುದು: ಬುಡದ ಸಿಪ್ಪೆ ದಪ್ಪವಿರುವುದರಿಂದ ಮೊದಲು ಎರಡು ದಿನ ಬುಡವನ್ನಷ್ಟೇ ನೀರಿನಲ್ಲಿ ನಿಲ್ಲಿಸಬೇಕು. ಅನಂತರ ಕಟ್ಟುಗಳನ್ನು ಮಲಗಿಸಿ, ಪೂರ್ಣ ಮುಳುಗುವಂತೆ ಮೇಲೆ ಭಾರ ಹೇರಬೇಕು. ಮಣ್ಣಿನ ಹೆಂಟೆ ಇಟ್ಟರೆ ನಾರು ಕಪ್ಪಾಗುತ್ತದೆ. ಶಹಾಬಾದ, ವಾಡಿ ಕಡೆ ಸುಲಭವಾಗಿ ಸಿಗುವ ಫರಸಿಯ ತುಂಡುಗಳು ಇದಕ್ಕೆ ತಕ್ಕವು. ಆದರೆ ನೀರು ನಿಂತ ಆಳದ ಕಲ್ಲುಗಣಿಗೆ ಇಳಿಯುವುದು ಅಪಾಯ. ಕುಡಿಯುವ ನೀರಿನ ಬಾವಿ, ಕೆರೆ, ಕಾಗಿಣಾ ಹೊಳೆಯ ಮಡು ಇವುಗಳಲ್ಲಿಯೂ ನೆನೆಹಾಕಬಾರದು. ಕೊಳೆತ ನೀರು ದುರ್ವಾಸನೆ ಹಿಡಿದು ಮೀನು ಸಾಯುತ್ತವೆ. ಬೇರೆ ಹೊಂಡವೇ ಲೇಸು.

ಸಾಮಾನ್ಯವಾಗಿ 10ರಿಂದ 15 ದಿನ ಬೇಕು. ಎಂಟನೆಯ ದಿನದಿಂದಲೇ ಒಂದೊಂದು ಕಡ್ಡಿ ತೆಗೆದು ನೋಡುತ್ತಿರಬೇಕು. ಹೆಬ್ಬೆರಳಿನಿಂದ ಒತ್ತಿದಾಗ ನಾರು ಸಲೀಸಾಗಿ ಬಿಟ್ಟರೆ ಹದ ಬಂದಂತೆ. ಮೀರಿದರೆ ನಾರಿನ ಬಲ ಕುಂದುತ್ತದೆ. ಬಿಡಿಸಿದ ನಾರನ್ನು ಶುದ್ಧ ನೀರಿನಲ್ಲಿ ತೊಳೆದು, ನೆಲದ ಮೇಲೆ ಹರಡದೆ ಗಳುವಿನ ಮೇಲೆ ಒಣಗಿಸಬೇಕು.

ಬಳಕೆ: ಚೆನ್ನಾಗಿ ಒಣಗಿದ ನಾರನ್ನು ಹುರಿ ಹೊಸೆದು, ಮೂರು ಹುರಿ ಕೂಡಿಸಿದರೆ ಗಟ್ಟಿ ಹಗ್ಗವಾಗುತ್ತದೆ. ಕಣ್ಣಿ, ದಾವಣಿ, ನೆಲುವು, ಹೊರಸಿನ ಹೆಣಿಗೆ ಎಲ್ಲಕ್ಕೂ ಬರುತ್ತದೆ. ಉಳಿದ ಕಡ್ಡಿ ಹಿತ್ತಲ ಬೇಲಿಗೆ, ಒಲೆಗೆ ಆಗುತ್ತದೆ. ಬಿಡುವಿನ ದಿನಗಳಲ್ಲಿ ಮನೆಮಂದಿ ಹೊಸೆದ ಹಗ್ಗದಿಂದ ಪೇಟೆಯ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ. ಮುಂದಿನ ಮುಂಗಾರಿಗೆ ನಾಲ್ಕು ಸಾಲನ್ನಾದರೂ ನಾರಿಗೆಂದೇ ಬಿಟ್ಟು ನೋಡುವುದು ಒಳ್ಳೆಯದು.