ಹಂದಿಯ ರೋಗವನ್ನು ಮುಚ್ಚಿಡದಂತೆ ಮಾಡಿದ್ದು ಹೇಗೆ?

ದೊಡ್ಡಿಗೆ ರೋಗ ಬಂತು ಅಂದ್ರೆ ಸಾಕಿದವನು ಮೊದಲು ಏನು ಮಾಡ್ತಾನೆ? ಉಳಿದ ಪ್ರಾಣಿಗಳನ್ನು ಸಿಕ್ಕಿದ ರೇಟಿಗೆ ಮಾರಿಬಿಡ್ತಾನೆ. ಡಾಕ್ಟರಿಗೆ ಹೇಳಿದರೆ ಊರಿಗೆಲ್ಲ ಸುದ್ದಿ, ದಲ್ಲಾಳಿ ಆ ಕಡೆ ತಲೆ ಹಾಕೋದಿಲ್ಲ, ಮಾಡಿದ ಸಾಲ ಹಾಗೇ ಉಳೀತದೆ. ಮಾರಿದ ಪ್ರಾಣಿಯ ಜೊತೆ ರೋಗವೂ ಸಂತೆಗೆ ಹೋಗಿ ಹತ್ತು ಊರಿಗೆ ಹರಡ್ತದೆ. ಇದು ನಮ್ಮಲ್ಲಿ ಮಾತ್ರ ಅಲ್ಲ, ಎಲ್ಲ ದೇಶದಲ್ಲೂ ಇರುವ ತೊಂದರೆ. ಅಮೆರಿಕದಲ್ಲಿ ಸರಕಾರ, ಹಂದಿ ಸಾಕುವವರು ಮತ್ತು ಮಾಂಸದ ಉದ್ಯಮದವರು ಒಟ್ಟುಗೂಡಿ ಇದಕ್ಕೊಂದು ದಾರಿ ಕಂಡುಕೊಂಡರು. ಹಂದಿ ಸಾಕದವರೂ ಅದನ್ನು ತಿಳಿಯೋದು ಒಳ್ಳೇದು.

ಯಾವ ರೋಗ?

ಹೆಸರು ಸ್ಯೂಡೊರೇಬೀಸ್. ಹುಚ್ಚುನಾಯಿ ರೋಗದ ಹಾಗೆ ಕಾಣ್ತದೆ, ಆದರೆ ಅದಲ್ಲ. 1902ರಲ್ಲಿ ಹಂಗೆರಿ ದೇಶದ ಅಲಾಡಾರ್ ಔಯೆಸ್ಕಿ ಎಂಬ ವಿಜ್ಞಾನಿ ಇದು ಬೇರೆಯೇ ರೋಗ ಎಂದು ತೋರಿಸಿದರು. ಎರಡು ವಾರದೊಳಗಿನ ಹಂದಿಮರಿಗಳಿಗೆ ಬಂದರೆ ನಡುಗಿ, ಕಾಲು ಬಡಿದು, ಹೆಚ್ಚುಕಡಿಮೆ ಎಲ್ಲವೂ ಸಾಯ್ತವೆ. ಗಬ್ಬದ ಹಂದಿ ಕಂದು ಹಾಕ್ತದೆ. ದೊಡ್ಡ ಹಂದಿಗಳಿಗೆ ಜ್ವರ, ಕೆಮ್ಮು ಬಂದು ವಾಸಿಯಾಗ್ತದೆ.

ತೊಂದರೆ ಇರೋದು ಅಲ್ಲೇ. ವಾಸಿಯಾದ ಹಂದಿಯ ಮೈಯೊಳಗೆ ವೈರಾಣು ಬದುಕಿರುವಷ್ಟು ದಿನ ಅಡಗಿ ಕೂತಿರ್ತದೆ. ಮರಿ ಹಾಕುವಾಗ, ಲಾರಿಯಲ್ಲಿ ಸಾಗಿಸುವಾಗ, ಹೀಗೆ ಮೈಗೆ ಆಯಾಸ ಆದಾಗ ಮತ್ತೆ ಹೊರಗೆ ಬಿದ್ದು ಬೇರೆ ಹಂದಿಗೆ ತಗಲ್ತದೆ. ಅದೇ ಜಾಗದಲ್ಲಿರುವ ದನ, ಕುರಿ, ನಾಯಿ, ಬೆಕ್ಕಿಗೆ ತಗಲಿದರೆ ಮೈ ಕೆರೆದುಕೊಂಡು ಎರಡು ಮೂರು ದಿನದಲ್ಲಿ ಸಾಯ್ತವೆ. ಕಣ್ಣಿಗೆ ಆರೋಗ್ಯವಾಗಿ ಕಾಣುವ ಹಂದಿಯೇ ರೋಗ ಹೊತ್ತು ತಿರುಗುವಾಗ ಹುಡುಕೋದು ಹೇಗೆ?

ಮೂರು ಪಾಲುದಾರರು

1989ರಲ್ಲಿ ಅಮೆರಿಕದಲ್ಲಿ ಈ ರೋಗವನ್ನು ನಿರ್ಮೂಲ ಮಾಡುವ ಕಾರ್ಯಕ್ರಮ ಶುರುವಾಯಿತು. ಅದರ ಹೆಸರಲ್ಲೇ ರಾಜ್ಯ, ಕೇಂದ್ರ ಮತ್ತು ಉದ್ಯಮ ಮೂರೂ ಇದ್ದವು. ಹಂದಿ ಸಾಕುವವರ ಸಂಘಗಳು ಸಮಿತಿಗಳಲ್ಲಿ ಕೂತು ನಿಯಮ ಮಾಡುವುದರಲ್ಲೂ ಪಾಲು ತೆಗೆದುಕೊಂಡವು. ಮೇಲಿನಿಂದ ಬಂದ ಆರ್ಡರಿಗಿಂತ ತಾವೇ ಕೂತು ಮಾಡಿದ ನಿಯಮಕ್ಕೆ ರೈತ ಹೆಚ್ಚು ಒಪ್ಪುತ್ತಾನೆ ಅನ್ನೋದು ನಮಗೂ ಗೊತ್ತಿರುವುದೇ.

ಕೆಲಸವನ್ನು ಐದು ಮೆಟ್ಟಿಲು ಮಾಡಿದರು. ತಯಾರಿ, ಹತೋಟಿ, ರೋಗ ಇರುವ ಹಿಂಡುಗಳ ಕಡ್ಡಾಯ ಶುದ್ಧಿ, ಕಣ್ಗಾವಲು, ಕೊನೆಗೆ ರೋಗಮುಕ್ತ. ಮೇಲಿನ ಮೆಟ್ಟಿಲು ಏರಿದ ರಾಜ್ಯದ ತಳಿಹಂದಿಗಳನ್ನು ಹೊರರಾಜ್ಯಕ್ಕೆ ಮಾರುವುದು ಸಲೀಸು. ಕೆಳಗೇ ಉಳಿದರೆ ಪರೀಕ್ಷೆಗಳ ಕಾಟ ಜಾಸ್ತಿ. ಹಾಗಾಗಿ ರೈತರೇ ತಮ್ಮ ರಾಜ್ಯವನ್ನು ಮೇಲಕ್ಕೆ ತಳ್ಳಿದರು.

ಬಿಲ್ಲೆಯ ಕೆಲಸ

ಮನೆಮನೆಗೆ ಹೋಗಿ ಎಲ್ಲ ಹಂದಿಯ ರಕ್ತ ತೆಗೆಯೋದು ಆಗದ ಮಾತು. ಅದಕ್ಕೆ ಒಂದು ಉಪಾಯ ಮಾಡಿದರು. ಮುದಿಯಾಗಿ ಮಾರುವ ತಾಯಿಹಂದಿ ಮತ್ತು ಗಂಡುಹಂದಿಯ ಬೆನ್ನಿಗೆ ನಂಬರಿನ ಬಿಲ್ಲೆ ಅಂಟಿಸಿ ಕಳಿಸುವುದು. ಕಸಾಯಿಖಾನೆಯಲ್ಲಿ ಕಡಿಯುವಾಗ ರಕ್ತದ ಮಾದರಿ ತೆಗೆಯುವುದು. ರಕ್ತದಲ್ಲಿ ರೋಗದ ಗುರುತು ಕಂಡರೆ ಬಿಲ್ಲೆಯ ನಂಬರು ಹಿಡಿದು ಯಾವ ದೊಡ್ಡಿಯಿಂದ ಬಂತು ಅಂತ ಹಿಂದಕ್ಕೆ ಹೋಗುವುದು. ಆಮೇಲೆ ಆ ದೊಡ್ಡಿಯನ್ನೂ ಸುತ್ತಲಿನ ದೊಡ್ಡಿಗಳನ್ನೂ ಪರೀಕ್ಷೆ ಮಾಡುವುದು. ಕಸಾಯಿಖಾನೆಯವರು ಕೈ ಜೋಡಿಸದೆ ಇದು ನಡೆಯುವ ಹಾಗಿರಲಿಲ್ಲ.

ಲಸಿಕೆಯಲ್ಲೂ ಒಂದು ತೊಡಕಿತ್ತು. ಲಸಿಕೆ ಹಾಕಿದ ಹಂದಿಯ ರಕ್ತವೂ ರೋಗ ಬಂದ ಹಂದಿಯ ರಕ್ತದ ಹಾಗೇ ತೋರಿಸಿದರೆ ಬೇರೆ ಮಾಡೋದು ಹೇಗೆ? ಅದಕ್ಕೆ ಲಸಿಕೆಗೆ ಬಳಸುವ ವೈರಾಣುವಿನಿಂದ ಒಂದು ಅಂಶವನ್ನೇ ತೆಗೆದು ಹಾಕಿದರು. ರಕ್ತದಲ್ಲಿ ಆ ಅಂಶದ ಗುರುತು ಸಿಕ್ಕಿದರೆ ನಿಜವಾದ ರೋಗ, ಸಿಗದಿದ್ದರೆ ಬರೀ ಲಸಿಕೆ. ನಮ್ಮ ದನಗಳ ಕಾಲುಬಾಯಿ ರೋಗದಲ್ಲೂ ಲಸಿಕೆ ಯಾವುದು, ರೋಗ ಯಾವುದು ಅಂತ ಇಂಥದೇ ಲೆಕ್ಕದಿಂದ ಬೇರೆ ಮಾಡ್ತಾರೆ.

ರೋಗ ಕಂಡ ದೊಡ್ಡಿಗೆ ದಿಗ್ಬಂಧನ. ಅಲ್ಲಿನ ಹಂದಿ ಕಸಾಯಿಖಾನೆಗೆ ಬಿಟ್ಟು ಬೇರೆಲ್ಲೂ ಹೋಗುವಂತಿಲ್ಲ. ಆದರೆ ಶುದ್ಧಿಗೆ ರೈತನ ಮುಂದೆ ಮೂರು ದಾರಿ ಇದ್ದವು. ರೋಗದ ಹಂದಿಗಳನ್ನು ಮಾತ್ರ ಆರಿಸಿ ತೆಗೆಯೋದು. ಮರಿಗಳನ್ನು ತಾಯಿಯಿಂದ ಬೇಗ ಬೇರೆ ಮಾಡಿ ಬೇರೆ ಜಾಗದಲ್ಲಿ ಬೆಳೆಸೋದು. ಇಲ್ಲಾ ಪೂರ್ತಿ ಖಾಲಿ ಮಾಡಿ, ತೊಳೆದು, ಹೊಸ ಹಂದಿ ತರೋದು. ಯಾರ ಕೈಲಿ ಯಾವುದು ಆಗ್ತದೋ ಅದು.

ಬೆಲೆ ಬಿದ್ದ ವರ್ಷ

ಹತ್ತು ವರ್ಷ ಇಷ್ಟೆಲ್ಲ ಮಾಡಿದರೂ ಇನ್ನೂ ಸಾವಿರಕ್ಕೂ ಮೇಲೆ ರೋಗದ ಹಿಂಡುಗಳು ಉಳಿದಿದ್ದವು. 1998ರ ಕೊನೆಗೆ ಹಂದಿಯ ಬೆಲೆ ಪಾತಾಳಕ್ಕೆ ಬಿತ್ತು. 100 ಪೌಂಡ್, ಅಂದ್ರೆ ಸುಮಾರು 45 ಕಿಲೊ ತೂಕಕ್ಕೆ 10 ಡಾಲರಿಗೂ ಕೆಳಗೆ ಇಳಿದ ದಿನಗಳಿದ್ದವು. ಮೇವಿನ ಖರ್ಚೂ ಹುಟ್ಟದವನು ಲಸಿಕೆ, ಪರೀಕ್ಷೆ ಅಂತ ಕೈಯಿಂದ ಹಣ ಹಾಕ್ತಾನಾ? ಕಾರ್ಯಕ್ರಮವೇ ನಿಂತುಹೋಗುವ ಹಾಗಾಯಿತು.

1999ರ ಜನವರಿಯಲ್ಲಿ ಅಲ್ಲಿನ ಕೃಷಿ ಇಲಾಖೆ 80 ಮಿಲಿಯ ಡಾಲರ್ ತೆಗೆದಿಟ್ಟು, ರೋಗದ ಹಿಂಡುಗಳನ್ನು ನ್ಯಾಯವಾದ ಬೆಲೆಗೆ ತಾನೇ ಕೊಂಡು ನಾಶ ಮಾಡಿತು. ಒಪ್ಪಿಕೊಳ್ಳೋದು ಬಿಡೋದು ರೈತನ ಇಷ್ಟ. ಮಾರುಕಟ್ಟೆಯಲ್ಲಿ ಕೇಳುವವರಿಲ್ಲದಾಗ ಬಂದ ಆ ದುಡ್ಡಿಗೆ ಬಹಳ ಜನ ಮುಂದೆ ಬಂದರು. 2004ರ ಕೊನೆಗೆ 50 ರಾಜ್ಯಗಳ ಸಾಕುಹಂದಿ ಹಿಂಡುಗಳೂ ರೋಗಮುಕ್ತವಾದವು. ಕಾಡಿನ ಹಂದಿಗಳಲ್ಲಿ ಮಾತ್ರ ರೋಗ ಇನ್ನೂ ಇದೆ. ಅದಕ್ಕೇ ರಕ್ತಪರೀಕ್ಷೆ ನಿಲ್ಲಿಸಿಲ್ಲ.

ನಮಗೆ ಇದರಲ್ಲಿ ಏನಿದೆ?

2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಕ್ಕೆ ಆಫ್ರಿಕನ್ ಹಂದಿಜ್ವರ ಬಂತು. ಭಾರತದಲ್ಲಿ ಅದೇ ಮೊದಲು. 2022ರ ಜುಲೈನಲ್ಲಿ ನಮ್ಮ ಗಡಿಯ ಪಕ್ಕದ ವಯನಾಡಿನಲ್ಲೂ ಕಾಣಿಸಿತು. ಇದು ಮನುಷ್ಯರಿಗೆ ಬರೋದಿಲ್ಲ, ಆದರೆ ಬಂದ ಹಂದಿ ಬಹುಪಾಲು ಸಾಯ್ತದೆ. ಅಮೆರಿಕದವರ ಕೈಲಿ ಲಸಿಕೆಯಾದರೂ ಇತ್ತು, ಇದಕ್ಕೆ ನಮ್ಮಲ್ಲಿ ಬಳಸುವ ಲಸಿಕೆ ಇಲ್ಲ. ಬೇಗ ತಿಳಿಸೋದು ಒಂದೇ ಔಷಧ. 2009ರ ಕಾಯಿದೆ ಪ್ರಕಾರ ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ತಿಳಿಸೋದು ಸಾಕಿದವನ ಕರ್ತವ್ಯ. ರೋಗ ಖಚಿತವಾದರೆ ಸುತ್ತ ಒಂದು ಕಿಲೋಮೀಟರಿನ ಹಂದಿಗಳನ್ನು ಕೊಲ್ಲುತ್ತಾರೆ, ಅದಕ್ಕೆ ಪರಿಹಾರ ಇದೆ.

ಆದರೆ ಬರೀ ಕಾಯಿದೆಯಿಂದ ಯಾರೂ ಬಾಯಿ ಬಿಡೋದಿಲ್ಲ. ತಿಳಿಸಿದವನು ಮುಳುಗಬಾರದು, ಅದು ಮುಖ್ಯ. ಪರಿಹಾರ ಸಂತೆಯ ಬೆಲೆಗೆ ಹತ್ತಿರ ಇರಬೇಕು, ಬೇಗ ಕೈಗೆ ಸಿಗಬೇಕು. ನಿಯಮ ಮಾಡುವಾಗ ಸಾಕುವವರೂ ಕೂತಿರಬೇಕು. ಇದನ್ನು ಕೇಳೋದು ನಮ್ಮ ಸಂಘಗಳ ಕೆಲಸ.

ನಮ್ಮ ಕಡೆಯಿಂದ ಆಗೋದು ಇಷ್ಟು:

• ಹೊಸದಾಗಿ ತಂದ ಹಂದಿಯನ್ನು ಕೂಡಲೇ ಹಿಂಡಿಗೆ ಸೇರಿಸದೆ ಒಂದು ತಿಂಗಳು ಬೇರೆ ಕಟ್ಟಿ.
• ಹೋಟೆಲಿನ ಎಂಜಲು, ಮಾಂಸದ ಚೂರು ಹಾಗೇ ಹಾಕಬೇಡಿ. ಹಂದಿಜ್ವರ ಹರಡುವ ಮುಖ್ಯ ದಾರಿಗಳಲ್ಲಿ ಅದೂ ಒಂದು.
• ಯಾರಿಂದ ತಂದಿರಿ, ಯಾರಿಗೆ ಮಾರಿದಿರಿ, ತಾರೀಕು ಸಮೇತ ಬರೆದಿಡಿ. ದನದ ಕಿವಿಯ 12 ಅಂಕಿಯ ಬಿಲ್ಲೆಯನ್ನೂ ಕಿತ್ತು ಹಾಕಬೇಡಿ. ರೋಗದ ಜಾಡು ಹಿಡಿಯೋಕೆ ಅದೇ ದಾರಿ.
• ಒಂದೇ ವಾರದಲ್ಲಿ ಎರಡು ಮೂರು ಹಂದಿ ಸತ್ತರೆ ಉಳಿದವನ್ನು ಮಾರದೆ ಪಶು ಆಸ್ಪತ್ರೆಗೋ 1962 ನಂಬರಿಗೋ ತಿಳಿಸಿ. ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಿ, ಮೇಲೆ ಸುಣ್ಣ ಹಾಕಿ.
• ಪರಿಹಾರದ ದರ ಎಷ್ಟು, ಯಾವ ಕಾಗದ ಬೇಕು ಅನ್ನೋದನ್ನು ರೋಗ ಬರುವ ಮುಂಚೆಯೇ ಆಸ್ಪತ್ರೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಬಂದ ಮೇಲೆ ಕೇಳೋಕೆ ಪುರುಸೊತ್ತು ಇರೋದಿಲ್ಲ.