ಮನೆಯೊಳಗಿನ ಸರ್ವರ್, ಹವ್ಯಾಸಿಯ ಪಾಠಶಾಲೆ

2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ, ಎಟಿಎಂ ಕಾರ್ಡಿನಷ್ಟು ಗಾತ್ರದ, 35 ಡಾಲರ್ ಬೆಲೆಯ ಬ್ರಿಟನ್ನಿನ ರಾಸ್ಪ್‌ಬೆರಿ ಪೈ ಕಂಪ್ಯೂಟರು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಉದ್ದೇಶದಿಂದ ರೂಪುಗೊಂಡಿದ್ದರೂ, ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸಿಗಳು ಅದನ್ನು ಬಹುಬೇಗ ತಮ್ಮದಾಗಿಸಿಕೊಂಡರು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನೂ ಅಪಾಚೆಯಂತಹ ಉಚಿತ ತಂತ್ರಾಂಶವನ್ನೂ ಅಳವಡಿಸಿದರೆ ಅದು ಸರ್ವರ್, ಅಂದರೆ ಕೇಳಿದವರಿಗೆ ಜಾಲಪುಟಗಳನ್ನು ಒದಗಿಸುವ ಯಂತ್ರ, ಆಗಿಬಿಡುತ್ತದೆ.

ನಿಜವಾದ ಕಲಿಕೆ ಅಡಚಣೆಗಳಲ್ಲಿದೆ. ಮನೆಯ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸ, ಎಂದರೆ ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ, ಆಗಾಗ ಬದಲಾಗಬಹುದಾದ್ದರಿಂದ, ಹೊಸ ಸಂಖ್ಯೆಯನ್ನು ಡೊಮೈನ್ ಹೆಸರಿಗೆ, ಅಂದರೆ ತಾಣದ ಅಕ್ಷರರೂಪದ ವಿಳಾಸಕ್ಕೆ, ತಾನಾಗಿಯೇ ಜೋಡಿಸುವ ಡೈನಾಮಿಕ್ ಡಿಎನ್‌ಎಸ್ ಸೇವೆ ಬೇಕಾಗುತ್ತದೆ. ಒಂದೇ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚುವ ಸಂಪರ್ಕಗಳಲ್ಲಿ ಅದೂ ಸಾಲದು. ವಿದ್ಯುತ್ ಹಠಾತ್ತನೆ ಹೋದಾಗ ಮೆಮೊರಿ ಕಾರ್ಡಿನ ಕಡತಗಳು ಕೆಡಬಹುದು. ನಿರಂತರ ಬರವಣಿಗೆಯಿಂದ ಕಾರ್ಡೇ ಸವೆಯುತ್ತದೆ. ಆದ್ದರಿಂದ ಬ್ಯಾಕಪ್ ಮೊದಲ ದಿನದ ಕೆಲಸವೇ ಆಗಬೇಕು.

ಹೀಗೆ ಪಳಗಿದ ಕೈ ಸ್ವತಂತ್ರ ವೃತ್ತಿಗೂ ಒದಗುತ್ತದೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಮುಕ್ತ ತಂತ್ರಾಂಶವಾದ್ದರಿಂದ ಸಣ್ಣ ಅಂಗಡಿಗೆ ಜಾಲತಾಣ ಕಟ್ಟಿಕೊಡಲು ಪರವಾನಗಿ ಶುಲ್ಕ ಬೇಕಿಲ್ಲ. ಆದರೆ ಪ್ಲಗಿನ್‌ಗಳನ್ನು, ಅಂದರೆ ಹೆಚ್ಚುವರಿ ಸೌಲಭ್ಯಗಳ ತುಣುಕು ತಂತ್ರಾಂಶಗಳನ್ನು, ಕಾಲಕಾಲಕ್ಕೆ ನವೀಕರಿಸದಿದ್ದರೆ ನುಸುಳುಕೋರರಿಗೆ ದಾರಿಯಾಗುತ್ತದೆ. ಪ್ರಯೋಗಕ್ಕೆ ಮನೆಯ ಯಂತ್ರ ಸಾಕಾದರೂ ಗ್ರಾಹಕರ ತಾಣವನ್ನು ಅದರಲ್ಲಿ ಇಡುವುದು ಸಲ್ಲದು. ಅದಕ್ಕೆ ಬಾಡಿಗೆಯ ಹೋಸ್ಟಿಂಗ್ ಸೇವೆಯೇ ಯೋಗ್ಯ, ಡೊಮೈನ್ ಹೆಸರಂತೂ ಕಟ್ಟಿದವರ ಹೆಸರಿನಲ್ಲಲ್ಲ, ಅಂಗಡಿಯ ಒಡೆಯರ ಹೆಸರಿನಲ್ಲೇ ನೋಂದಣಿಯಾಗಬೇಕು.