ಜಟಿಂಗ ರಾಮೇಶ್ವರದ ಹಾದಿಗೆ ಯಾವ ಪೆಡಲು?

ಬೈಸಿಕಲ್ಲಿನ ಸವಾರನ ಬಲವು ಯಂತ್ರಕ್ಕೆ ವರ್ಗವಾಗತಕ್ಕ ಏಕೈಕ ದ್ವಾರವೆಂದರೆ ಪೆಡಲು. 170 ಮಿಲಿಮೀಟರು ಉದ್ದದ ಕ್ರ್ಯಾಂಕನ್ನು, ಅಂದರೆ ಪೆಡಲನ್ನು ಹೊತ್ತ ತೋಳನ್ನು, ನಿಮಿಷಕ್ಕೆ 90 ಸುತ್ತಿನಂತೆ ತಿರುಗಿಸುತ್ತ, 200 ವ್ಯಾಟುಗಳಷ್ಟು ಸಾಮರ್ಥ್ಯವನ್ನು ವ್ಯಯಿಸುವ ಅಭ್ಯಾಸಿಯೊಬ್ಬನ ವಿಷಯದಲ್ಲಿ ಗಣಿತ ಮಾಡಿ ನೋಡಿದರೆ, ಒಂದು ಸುತ್ತಿನುದ್ದಕ್ಕೂ ಸರಾಸರಿಯಾಗಿ ಬೀಳುವ ಬಲವು ಸುಮಾರು 125 ನ್ಯೂಟನ್ನು, ಅಂದರೆ ಹದಿಮೂರು ಕಿಲೋಗ್ರಾಮಿಗೆ ಸಮೀಪವಾದ ತೂಕಕ್ಕೆ ಸಮವೆಂದು ಕಂಡುಬರುತ್ತದೆ. ಇದೇನೂ ಅಸಾಧಾರಣವಾದ ಬಲವಲ್ಲ; ಆದರೆ ಗಂಟೆಯೊಂದಕ್ಕೆ ಪ್ರತಿಯೊಂದು ಮಂಡಿಯೂ 5,400 ಸಲ ಮಡಿಚಿ ನೀಳವಾಗುವಾಗ, ಪಾದವು ಪೆಡಲಿನ ಮೇಲೆ ಎಲ್ಲಿ, ಯಾವ ಕೋನದಲ್ಲಿ ಕುಳಿತಿದೆಯೆಂಬುದು ಸಣ್ಣ ಮಾತಾಗಿ ಉಳಿಯುವುದಿಲ್ಲ.

ಪಾದವು ಜಾರದಂತೆ ಮಾಡತಕ್ಕ ಪ್ರಯತ್ನವು ಸೈಕಲ್ಲಿನಷ್ಟೇ ಹಳೆಯದೆನ್ನಬಹುದು. ಹತ್ತೊಂಬತ್ತನೆಯ ಶತಮಾನದ ಅಂತ್ಯದಿಂದಲೂ ಪಂದ್ಯಗಾರರು ಬೆರಳುಗಳ ಮುಂದೆ ಲೋಹದ ಕ್ಲಿಪ್ಪನ್ನೂ ಅದರ ಸುತ್ತ ಚರ್ಮದ ಪಟ್ಟಿಯನ್ನೂ ಬಿಗಿದು ಸವಾರಿ ಮಾಡುತ್ತಿದ್ದರು. ಬೀಳುವ ಸಂದರ್ಭ ಒದಗಿದಾಗ ಕೈಯಿಂದ ಪಟ್ಟಿಯನ್ನು ಸಡಿಲಿಸದ ಹೊರತು ಕಾಲು ಬಿಡುಗಡೆಯಾಗುತ್ತಿರಲಿಲ್ಲ. ಈ ಕ್ಲಿಪ್ಪನ್ನೂ ಪಟ್ಟಿಯನ್ನೂ ತೊರೆದು, ಪಾದರಕ್ಷೆಯ ಅಡಿಗೆ ಜೋಡಿಸಿದ ‘ಕ್ಲೀಟ್’ ಎಂಬ ತುಣುಕು ಪೆಡಲಿನೊಳಗೇ ಸಿಕ್ಕಿಕೊಳ್ಳುವಂತೆ ರಚಿಸಿದ ಉಪಕರಣಕ್ಕೆ ಕ್ಲಿಪ್‌ಲೆಸ್ ಪೆಡಲೆಂದು ಹೆಸರಾಯಿತು. ಇಟಲಿಯ ಚಿನೆಲ್ಲಿ ಸಂಸ್ಥೆಯು 1970ರ ದಶಕದ ಆರಂಭದಲ್ಲಿಯೇ ಅಂಥದೊಂದನ್ನು ಹೊರತಂದಿತಾದರೂ, ಅದನ್ನು ಬಿಡಿಸಲು ಸವಾರನು ಬಗ್ಗಿ ಸನ್ನೆಯೊಂದನ್ನು ಕೈಯಿಂದಲೇ ಸರಿಸಬೇಕಾಗಿದ್ದುದರಿಂದ ಅದು ಜನಪ್ರಿಯವಾಗಲಿಲ್ಲ. ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಪಾದಬಂಧಗಳನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಲುಕ್ ಸಂಸ್ಥೆಯು ತನ್ನ ಆ ವಿದ್ಯೆಯನ್ನು 1984ರಲ್ಲಿ ಸೈಕಲ್ಲಿಗೆ ಅಳವಡಿಸಿತು. ಮರುವರ್ಷ ಪಂದ್ಯಗಾರ ಬರ್ನಾರ್ ಇನೋ ಅದೇ ಪೆಡಲನ್ನು ತುಳಿದು ತನ್ನ ಐದನೆಯ ಟೂರ್ ದ ಫ್ರಾನ್ಸ್ ವಿಜಯವನ್ನು ಸಂಪಾದಿಸಿದ ಬಳಿಕ ಚರ್ಮದ ಪಟ್ಟಿಗಳ ಯುಗವು ಕ್ರಮೇಣ ಅಸ್ತಮಿಸಿತು.

ಇದರ ರಚನೆ ಸರಳವಾದದ್ದು. ಕ್ಲೀಟಿನ ಮುಂತುದಿಯನ್ನು ಪೆಡಲಿನ ಕೊಕ್ಕೆಗೆ ತೂರಿಸಿ ಕೆಳಗೊತ್ತಿದೊಡನೆ, ಹಿಂಭಾಗದ ಸ್ಪ್ರಿಂಗಿನ ದವಡೆಯು ಹಿಂದೆ ಸರಿದು ಮತ್ತೆ ಮುಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರೆ ಕ್ಲೀಟಿನ ಅಂಚು ಅದೇ ದವಡೆಯನ್ನು ಒತ್ತಿ ತೆರೆಯುತ್ತದೆ. ಮೇಲಕ್ಕೆ ಎಳೆದಾಗ ಬಿಡದಿರುವುದೂ ತಿರುಚಿದಾಗ ಬಿಡುವುದೂ ಈ ಪೆಡಲಿನ ಸಾರಸರ್ವಸ್ವ.

ಮೇಲಕ್ಕೆ ಎಳೆಯಬಲ್ಲ ಕಾಲು ಹೆಚ್ಚು ಶಕ್ತಿಯನ್ನು ಉತ್ಪಾದಿಸುತ್ತದೆಂಬ ನಂಬಿಕೆಯೊಂದು ಸವಾರರಲ್ಲಿ ಬಹುಕಾಲದಿಂದ ಬೇರೂರಿದೆ. ಪ್ರಯೋಗಗಳು ಇದನ್ನು ಸಮರ್ಥಿಸುವುದಿಲ್ಲ. ಬಲದ ಬಹುಭಾಗವು ಕ್ರ್ಯಾಂಕು ಮುಂದಕ್ಕೆ ಚಾಚಿ ಕೆಳಗಿಳಿಯುವ ಭಾಗದಲ್ಲಿಯೇ ದೊರೆಯುತ್ತದೆ. ಮೇಲೇರುವ ಕಾಲು ಸಾಮಾನ್ಯವಾಗಿ ತನ್ನ ಭಾರವನ್ನು ತಾನೇ ಎತ್ತಿಕೊಂಡರೆ ಅದೇ ದೊಡ್ಡದು. ಕೊಲೊರಾಡೊ ವಿಶ್ವವಿದ್ಯಾಲಯದ ಸ್ಟ್ರಾ ಮತ್ತು ಕ್ರಾಮ್ ಎಂಬವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಿತವಾದ ಶ್ರಮದ ಸವಾರಿಯಲ್ಲಿ ಚಪ್ಪಟೆ ಪೆಡಲಿನ ಮೇಲೆ ಸಾಧಾರಣ ಓಟದ ಷೂ ಧರಿಸಿದವರಿಗೂ ಕ್ಲೀಟು ಬಿಗಿದವರಿಗೂ ದೇಹವು ವ್ಯಯಿಸುವ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕ್ಲಿಪ್‌ಲೆಸ್ ಪೆಡಲಿನ ನಿಜವಾದ ಉಪಕಾರವು ಅನ್ಯವಾದದ್ದು: ವೇಗವಾಗಿ ತುಳಿಯುವಾಗಲೂ, ರಸ್ತೆಯ ಉಬ್ಬುತಗ್ಗುಗಳಲ್ಲಿಯೂ, ಆಸನದಿಂದೆದ್ದು ಏರನ್ನು ಹತ್ತುವಾಗಲೂ ಪಾದವು ನಿಯತವಾದ ಸ್ಥಾನದಿಂದ ಕದಲುವುದಿಲ್ಲ. ಆದುದರಿಂದ ಪೆಡಲನ್ನು ಆರಿಸತಕ್ಕವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ನನ್ನ ಮಂಡಿಗೆ ಎಷ್ಟು ಸ್ವಾತಂತ್ರ್ಯ ಬೇಕು, ಸೈಕಲ್ಲಿನಿಂದ ಇಳಿದ ಮೇಲೆ ನಾನು ಎಲ್ಲಿ ನಡೆಯಬೇಕು?

ಎರಡನೆಯ ಪ್ರಶ್ನೆಯ ತೂಕವನ್ನು ಅರಿಯಲು ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗಕ್ಕಿಂತ ಉಚಿತವಾದ ಪ್ರದೇಶ ದುರ್ಲಭ. ಚಳ್ಳಕೆರೆಯಿಂದ ಉತ್ತರಾಭಿಮುಖವಾಗಿ, ಕನ್ನಡ ವಿದ್ವಾಂಸ ಟಿ. ಎಸ್. ವೆಂಕಣ್ಣಯ್ಯನವರ ಹೆಸರಿನೊಡನೆ ಬೆಸೆದುಕೊಂಡಿರುವ ತಳುಕನ್ನು ದಾಟಿ, ಹಾನಗಲ್ಲು ರಾಂಪುರಗಳ ಮೂಲಕ ಬಳ್ಳಾರಿಯ ಕಡೆಗೆ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯು ರಸ್ತೆ ಸೈಕಲ್ಲಿಗೆ ಹೇಳಿಮಾಡಿಸಿದಂತಿದೆ. ಮಳೆ ಅತ್ಯಲ್ಪವಾದ, ಗಾಳಿಗೆ ಅಡ್ಡಿಯಿಲ್ಲದ ಈ ಬಯಲಿನಲ್ಲಿ ಎದುರುಗಾಳಿಯನ್ನು ಸೀಳುತ್ತ ಗಂಟೆಗಟ್ಟಲೆ ಏಕರೀತಿಯಲ್ಲಿ ತುಳಿಯುವವನಿಗೆ ಪಾದದ ಸ್ಥಿರತೆಯ ಸುಖವು ಚೆನ್ನಾಗಿ ಮನವರಿಕೆಯಾಗುತ್ತದೆ. ಆದರೆ ಹೆದ್ದಾರಿಯನ್ನು ಬಿಟ್ಟು ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರದ ಬೆಟ್ಟದತ್ತ ತಿರುಗಿದವನಿಗೆ ಒದಗುವುದು ಮಣ್ಣಿನ ದಾರಿ, ಜಾಲಿಯ ಮುಳ್ಳು, ಕಡೆಗೆ ಕಲ್ಲಿನ ಮೆಟ್ಟಿಲು. ರಾವಣನೊಡನೆ ಹೋರಾಡಿದ ಜಟಾಯುವು ಬಿದ್ದ ಸ್ಥಳವೆಂದು ಜನರು ನಂಬಿರುವ ಈ ಗಿರಿಯಲ್ಲಿಯೂ, ಸಮೀಪದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳಲ್ಲಿಯೂ ಶಾಸನತಜ್ಞ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಇವನ್ನು ನೋಡಬೇಕೆಂಬವನು ನಡೆಯಲೇಬೇಕು.

ನಡೆಯಬೇಕಾದಾಗ ಕ್ಲೀಟಿನ ಜಾತಿಭೇದ ಬಯಲಾಗುತ್ತದೆ. ಲುಕ್ ಕಿಯೊ, ಶಿಮಾನೊ ಎಸ್‌ಪಿಡಿ-ಎಸ್‌ಎಲ್ ಮೊದಲಾದ ಮೂರು ಬೋಲ್ಟಿನ ಪೆಡಲುಗಳ ಪ್ಲಾಸ್ಟಿಕ್ ಕ್ಲೀಟು ಅಗಲವಾಗಿದ್ದು, ಬಲವನ್ನು ವಿಶಾಲವಾದ ತಳದ ಮೇಲೆ ಹರಡುತ್ತದೆ; ಆದರೆ ಅದು ಷೂವಿನ ಅಡಿಯಿಂದ ಹೊರಚಾಚಿರುವುದರಿಂದ ಬಂಡೆಯ ಮೇಲೆ ಜಾರುತ್ತದೆ, ನಡೆದಂತೆಲ್ಲ ಸವೆಯುತ್ತದೆ. ಶಿಮಾನೊ ಸಂಸ್ಥೆಯು 1990ರಲ್ಲಿ ಬೆಟ್ಟದ ಸೈಕಲ್ಲಿಗೆಂದು ತಂದ ಎರಡು ಬೋಲ್ಟಿನ ಎಸ್‌ಪಿಡಿಯಲ್ಲಿ ಲೋಹದ ಪುಟ್ಟ ಕ್ಲೀಟು ಅಟ್ಟೆಯ ಕುಳಿಯೊಳಗೆ ಅಡಗಿರುತ್ತದೆ. ಸಾಮಾನ್ಯವಾಗಿ ಪೆಡಲಿನ ಎರಡೂ ಮುಖಗಳಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಕೆಸರು ಮೆತ್ತಿದರೂ ಬಹುಮಟ್ಟಿಗೆ ಕೆಲಸ ನಿಲ್ಲದು. ಹಾಗೆಂದು ಆ ಲೋಹದೊಡನೆ ಶಾಸನದ ಬಂಡೆಯನ್ನು ಮೆಟ್ಟಬಾರದು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಸವೆದು ಮಸುಕಾಗಿರುವ ಆ ಅಕ್ಷರಗಳಿಗೆ ನಮ್ಮ ಪಾದರಕ್ಷೆಯ ಗೀರು ಬೇಡ.

ಇನ್ನು ಮಂಡಿಯ ವಿಷಯ. ತುಳಿಯುವಾಗ ಹಿಮ್ಮಡಿಯು ಸ್ವಾಭಾವಿಕವಾಗಿ ಅತ್ತಿತ್ತ ಸ್ವಲ್ಪ ಹೊರಳುತ್ತದೆ. ಈ ಹೊರಳಾಟಕ್ಕೆ ಪೆಡಲು ಕೊಡುವ ಅವಕಾಶವನ್ನು ‘ಫ್ಲೋಟ್’ ಎನ್ನುವರು. ಲುಕ್ ಕಿಯೊದ ಕಪ್ಪು, ಬೂದು, ಕೆಂಪು ಕ್ಲೀಟುಗಳು ಕ್ರಮವಾಗಿ 0, 4.5 ಮತ್ತು 9 ಡಿಗ್ರಿಗಳ ಅವಕಾಶ ಕೊಟ್ಟರೆ, ಶಿಮಾನೊ ರಸ್ತೆ ಪೆಡಲಿನ ಕೆಂಪು, ನೀಲಿ, ಹಳದಿಗಳು 0, 2 ಮತ್ತು 6 ಡಿಗ್ರಿಗಳನ್ನು ಕೊಡುತ್ತವೆ. ಒಂದರ ಕೆಂಪು ಅತ್ಯಂತ ಸಡಿಲವಾದದ್ದು, ಇನ್ನೊಂದರ ಕೆಂಪು ಸಂಪೂರ್ಣ ಅಚಲವಾದದ್ದು; ಕೊಳ್ಳುವಾಗ ಇದನ್ನು ಮರೆಯಬಾರದು. ತಪ್ಪು ಕೋನದಲ್ಲಿ ಅಲುಗದಂತೆ ಬಂಧಿತವಾದ ಪಾದದ ತಿರುಚು ಮಂಡಿಗೇರುವುದರಿಂದ, ಹೊಸಬರಿಗೆ ಹಳದಿ ಅಥವಾ ಬೂದು ಕ್ಲೇಶರಹಿತವಾದ ಆಯ್ಕೆ. ಎಸ್‌ಪಿಡಿಯನ್ನು ಕೊಳ್ಳುವವರು, ಹಲವು ದಿಕ್ಕುಗಳಲ್ಲಿ ಬಿಡಿಸಿಕೊಳ್ಳುವ ಎಸ್‌ಎಚ್56 ಕ್ಲೀಟನ್ನು ಮೊದಲಿಗೆ ಆರಿಸಿದರೆ ನಿಂತಲ್ಲಿಯೇ ಉರುಳಿ ಬೀಳುವ ಅಪಾಯ ಕಡಮೆಯಾಗುತ್ತದೆ.

ಜೋಡಿಸುವಾಗ ಎಡಪೆಡಲಿನ ತಿರುಪು ವಿಲೋಮವಾದುದೆಂಬುದನ್ನು ನೆನಪಿಡಬೇಕು: ಬಲದ್ದನ್ನು ಪ್ರದಕ್ಷಿಣವಾಗಿಯೂ ಎಡದ್ದನ್ನು ಅಪ್ರದಕ್ಷಿಣವಾಗಿಯೂ ತಿರುಗಿಸಿ ಬಿಗಿಯತಕ್ಕದ್ದು. ಕ್ಲೀಟನ್ನು ಹೆಬ್ಬೆರಳಿನ ಬುಡದ ಉಬ್ಬಿನ ನೇರಕ್ಕೆ ಅಥವಾ ಅದಕ್ಕಿಂತ ತುಸು ಹಿಂದಕ್ಕೆ ಇಡುವುದು ರೂಢಿ. ಸ್ಪ್ರಿಂಗನ್ನು ಆದಷ್ಟು ಸಡಿಲಗೊಳಿಸಿ, ಗೋಡೆಗೆ ಕೈಯೂರಿ ನಿಂತು, ಕಾಲನ್ನು ಸಿಕ್ಕಿಸಿ ಬಿಡಿಸುವ ಅಭ್ಯಾಸವು ಅಂಗಗತವಾದ ಮೇಲೆಯೇ ರಸ್ತೆಗಿಳಿಯಬೇಕು. ನಿಲ್ಲುವ ಮುನ್ನವೇ ಒಂದು ಪಾದವನ್ನು ಬಿಡಿಸಿಕೊಳ್ಳುವುದು ನಿಯಮವಾಗಬೇಕು.

ಪಂದ್ಯವೊಂದೇ ಗುರಿಯಾಗಿ, ಡಾಂಬರಿನಿಂದ ಕೆಳಗೆ ಕಾಲಿಡದವರಿಗೆ ಮೂರು ಬೋಲ್ಟಿನದು ಸರಿ. ಸಂತೆಗೂ ಶಾಲೆಗೂ ಹೋಗಿಬರುವವರಿಗೆ ಚಪ್ಪಟೆ ಪೆಡಲೇ ಸಾಕು. ಊರು ಕೇರಿ, ಗುಡ್ಡ ಗುಡಿಗಳನ್ನು ನೋಡುತ್ತ ದೂರ ಸಾಗಬೇಕೆಂಬ ನಮ್ಮ ನಾಡಿನ ಬಹುಪಾಲು ಸವಾರರಿಗೆ, ರಸ್ತೆ ಸೈಕಲ್ಲಾದರೂ ಚಿಂತೆಯಿಲ್ಲ, ಎರಡು ಬೋಲ್ಟಿನ ಪೆಡಲೇ ಯುಕ್ತವಾದದ್ದು.